ಎಡಗಾಲಿಗೆ ರಜೆ

ದೇವರು ಮನುಷ್ಯನಿಗೆ ಕೊಟ್ಟದ್ದು ಎರಡು ಕಾಲು. ಮೋಟಾರು ಕಾರನ್ನು ನಿರ್ಮಿಸಿದ ಮಹಾನುಭಾವರು ಅದರಲ್ಲಿ ಇಟ್ಟದ್ದು ಮೂರು ಪೆಡಲು. ಈ ಲೆಕ್ಕದ ವ್ಯತ್ಯಾಸದಿಂದ ಲೋಕಕ್ಕೆ ಯಾವ ಬಾಧೆಯೂ ಆದಂತಿಲ್ಲ. ಕೋಟ್ಯಂತರ ಜನ ಬಲಗಾಲಿಗೆ ಎರಡನ್ನು, ಎಡಗಾಲಿಗೆ ಒಂದನ್ನು ಹಂಚಿಕೊಟ್ಟು ಸುಖವಾಗಿಯೇ ಸಂಚರಿಸುತ್ತಿದ್ದಾರೆ. ನನಗೂ ಇದು ಒಂದು ಸಮಸ್ಯೆಯೆಂದು ತೋರಿರಲಿಲ್ಲ. ತೋರಿದ್ದು ೨೦೨೧ರ ಮಳೆಗಾಲದ ಒಂದು ಸಂಜೆ, ಕಾಲೇಜಿನಿಂದ ಬರುವ ದಾರಿಯಲ್ಲಿ ಸ್ಕೂಟರು ಜಾರಿ, ನಾನೊಂದು ಕಡೆ, ವಿದ್ಯಾರ್ಥಿಗಳ ಉತ್ತರಪತ್ರಿಕೆಗಳೊಂದು ಕಡೆ ಬಿದ್ದ ಮೇಲೆ. ಉತ್ತರಪತ್ರಿಕೆಗಳು ಮರುದಿನದ ಬಿಸಿಲಿಗೆ ಒಣಗಿಕೊಂಡವು; ನನ್ನ ಎಡ ಮಂಡಿಯೊಳಗಿನ ಕಟ್ಟು ಮಾತ್ರ ಹರಿದಿತ್ತು. ಶಸ್ತ್ರಚಿಕಿತ್ಸೆಯಾಯಿತು. ಈಗ ತರಗತಿಯಲ್ಲಿ ಒಂದು ಗಂಟೆ ನಿಂತು ಪಾಠ ಹೇಳಬಲ್ಲೆ, ಮೆಟ್ಟಿಲನ್ನೂ ಹತ್ತಬಲ್ಲೆ. ಆದರೆ, "ಕ್ಲಚ್ಚು ತುಳಿಯುವ ಕೆಲಸವನ್ನು ಮಾತ್ರ ಈ ಕಾಲಿಗೆ ಹೇಳಬೇಡಿ" ಎಂದು ವೈದ್ಯರು ಎಚ್ಚರಿಸಿದರು. "ಮಂಡಿ ಎಷ್ಟು ವರ್ಷ ಬಾಳೀತು, ಡಾಕ್ಟರೇ?" ಎಂದು ಕೇಳಿದೆ. "ನೋಡಿಕೊಂಡರೆ ಬಾಳುತ್ತದೆ" ಎಂದರು. ಅದು ಉತ್ತರವೇ ಅಲ್ಲವೆಂದು ಆಗ ನನಗೆ ಅನ್ನಿಸಿತು.

ಕಾರೇ ಇಲ್ಲದವನಿಗೆ ಕ್ಲಚ್ಚಿನ ಚಿಂತೆಯೇಕೆ ಎಂದು ಮೂರು ವರ್ಷ ನಿಶ್ಚಿಂತನಾಗಿದ್ದೆ. ೨೦೨೪ರ ಆಷಾಢ ಆ ನಿಶ್ಚಿಂತೆಯನ್ನು ಕಳೆಯಿತು.

ನಾನಿರುವುದು ಶಿವಮೊಗ್ಗದಲ್ಲಿ. ನನ್ನ ತಾಯಿ ಇರುವುದು ತೀರ್ಥಹಳ್ಳಿಯನ್ನು ದಾಟಿ ಆಗುಂಬೆಯ ಕಡೆಗೆ ಹೋಗುವ ದಾರಿಯಿಂದ ಒಳಗೆ ಸರಿದ ಒಂದು ಹಳ್ಳಿಯಲ್ಲಿ. ತೀರ್ಥಹಳ್ಳಿಗೆ ಇಲ್ಲಿಂದ ಸುಮಾರು ೬೦ ಕಿಲೋಮೀಟರು. ಅಲ್ಲಿಂದ ಮುಂದೆ ಇನ್ನೊಂದು ೨೦. ತಂದೆಯವರು ತೀರಿಕೊಂಡ ಮೇಲೆ, ನಮ್ಮೊಡನೆ ಬಂದು ಇರು ಎಂದು ಕರೆದಾಗಲೆಲ್ಲ, "ಕೊಟ್ಟಿಗೆಯಲ್ಲಿ ಹಸು ಇದೆ, ತೋಟದಲ್ಲಿ ನಾಲ್ಕು ಅಡಕೆ ಮರ ಇವೆ; ಅವನ್ನು ಯಾರ ಕೈಗೆ ಒಪ್ಪಿಸಿ ಬರಲಿ ಹೇಳು" ಎನ್ನುವುದು ಆಕೆಯ ವಾಡಿಕೆ. ಆ ಆಷಾಢದ ಒಂದು ರಾತ್ರಿ ಹತ್ತು ಗಂಟೆಗೆ ಪಕ್ಕದ ಮನೆಯ ಭಟ್ಟರು ಫೋನು ಮಾಡಿದರು. ಅಮ್ಮ ಬಚ್ಚಲ ಬಾಗಿಲಲ್ಲಿ ತಲೆಸುತ್ತಿ ಬಿದ್ದಿದ್ದಾರೆ, ಪ್ರಜ್ಞೆ ಇದೆ, ಗಾಬರಿಯಿಲ್ಲ, ಆದರೂ ನೀನು ಬಂದರೆ ಒಳ್ಳೆಯದು ಎಂದರು. ಆ ಹೊತ್ತಿಗೆ ಬಸ್ಸಿಲ್ಲ. ಸುರಿಯುವ ಮಳೆಯಲ್ಲಿ ಆ ದಾರಿಗೆ ಬರಲು ಬಾಡಿಗೆ ಕಾರಿನವರು ಒಬ್ಬರೂ ಒಪ್ಪಲಿಲ್ಲ. ಬಸ್ ನಿಲ್ದಾಣದ ಕಲ್ಲಿನ ಬೆಂಚಿನ ಮೇಲೆ ಕೂತು ಬೆಳಗು ಮಾಡಿ, ಮೊದಲನೆಯ ಬಸ್ಸು ಹಿಡಿದು ಹೋದೆ. ನಾನು ಅಂಗಳಕ್ಕೆ ಕಾಲಿಡುವಾಗ ಆಕೆ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದಳು. "ಇಷ್ಟು ಬೆಳಿಗ್ಗೆ ಯಾಕೆ ಬಂದೆಯೋ?" ಎಂದಳು. ಭಟ್ಟರು ಏನೂ ಹೇಳಲಿಲ್ಲ. ರಾತ್ರಿಯೆಲ್ಲ ನಿದ್ದೆಗೆಟ್ಟ ಅವರ ಕಣ್ಣುಗಳು ಹೇಳಬೇಕಾದುದನ್ನು ಹೇಳಿದವು. ತಾಯಿಗೆ ಮಗನಿದ್ದೂ ನೆರೆಮನೆಯವರು ಕಾಯಬೇಕಾಯಿತು. ಹಿಂದಿರುಗುವ ಬಸ್ಸಿನಲ್ಲಿಯೇ ಕಾರು ಕೊಳ್ಳುವ ನಿಶ್ಚಯವಾಯಿತು.

ನಿಶ್ಚಯವಾದದ್ದು ಸುಲಭ. ಕೈಯಲ್ಲಿದ್ದ ಉಳಿತಾಯ ಎರಡು ಲಕ್ಷ. ಸಹಕಾರ ಸಂಘದಲ್ಲಿ ಸಾಲ ಎತ್ತಿದರೆ ಇನ್ನೊಂದು ಲಕ್ಷ. ಈ ಮೊತ್ತಕ್ಕೆ ಹೊಸ ಕಾರಿನ ಕನಸು ಸಲ್ಲದು, ಹಳೆಯದೇ ಗತಿ. ಹಳೆಯದರಲ್ಲಿಯೂ ಎಡಗಾಲಿಗೆ ಕೆಲಸವಿಲ್ಲದ್ದು, ಎಂದರೆ ಗೇರನ್ನು ತಾನೇ ಬದಲಿಸಿಕೊಳ್ಳುವ ಆಟೋಮ್ಯಾಟಿಕ್ಕೇ ಆಗಬೇಕು. ಈ ಸಂಗತಿಯನ್ನು ನಾನು ಅಧ್ಯಾಪಕರ ಕೊಠಡಿಯಲ್ಲಿ ಬಾಯಿಬಿಟ್ಟು ಹೇಳಿದ್ದೇ ತಪ್ಪಾಯಿತು. ಜೀವಮಾನದಲ್ಲಿ ಕಾರು ಕೊಳ್ಳದವರೂ ಸಲಹೆ ಕೊಡಲು ಮುಂದಾದರು. ಚರಿತ್ರೆಯ ಅಧ್ಯಾಪಕರು, "ಹಳೆಯ ಆಟೋಮ್ಯಾಟಿಕ್ ಎಂದರೆ ಬಿಳಿಯಾನೆ. ಗೇರ್ ಬಾಕ್ಸು ಕೆಟ್ಟಿತೋ, ಕಾರಿನ ಬೆಲೆಯ ಅರ್ಧ ಅದಕ್ಕೇ" ಎಂದರು. ಅರ್ಥಶಾಸ್ತ್ರದವರು, "ಹಾಗಾದರೆ ಕಾರನ್ನು ಕೊಂಡು ಅದಕ್ಕೊಬ್ಬ ಚಾಲಕನನ್ನು ಇಟ್ಟುಕೊಳ್ಳಿ" ಎಂದರು. ಅರ್ಥಶಾಸ್ತ್ರದವರ ಬಾಯಲ್ಲಿ ಈ ಮಾತು ಬಂದುದು ನನಗೆ ಇಂದಿಗೂ ಸೋಜಿಗ.

ಭೌತಶಾಸ್ತ್ರದ ಗೆಳೆಯರೊಬ್ಬರು ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮ ಪ್ರಶ್ನೆಯೇ ಸರಿಯಿಲ್ಲ. ಆಟೋಮ್ಯಾಟಿಕ್ಕನ್ನು ನಂಬಬಹುದೇ ಎಂದು ಕೇಳುವುದು ಹಾವಿಗೆ ವಿಷ ಇದೆಯೇ ಎಂದು ಕೇಳಿದಂತೆ. ಯಾವ ಹಾವು ಎಂದು ಮೊದಲು ತಿಳಿಯಬೇಕಷ್ಟೆ" ಎಂದರು. ಅಂದಿನ ಸಂಜೆ ಅವರು ಕಾಫಿಯ ಲೋಟಗಳನ್ನೂ ಸೀಮೆಸುಣ್ಣವನ್ನೂ ಬಳಸಿ ನನಗೆ ಹೇಳಿದ ಪಾಠವನ್ನು, ನನ್ನಂತೆ ಯಂತ್ರವಿದ್ಯೆಯಲ್ಲಿ ನಿರಕ್ಷರರಾದ ವಾಚಕರಿಗಾಗಿ ಇಲ್ಲಿ ಸಂಗ್ರಹಿಸುತ್ತೇನೆ.

ನಮ್ಮ ದೇಶದ ಹಳೆಯ ಕಾರುಗಳ ಸಂತೆಯಲ್ಲಿ ಆಟೋಮ್ಯಾಟಿಕ್ಕಿನ ನಾಲ್ಕು ಜಾತಿಗಳುಂಟು. ಮೊದಲನೆಯದು ಎಣ್ಣೆಯ ಮೂಲಕ ಶಕ್ತಿಯನ್ನು ಸಾಗಿಸತಕ್ಕದ್ದು. ಟಾರ್ಕ್ ಕನ್ವರ್ಟರ್ ಎಂದು ಹೆಸರು. ಎರಡು ವಿದ್ಯುತ್ ಫ್ಯಾನುಗಳನ್ನು ಎದುರುಬದುರಾಗಿಟ್ಟು ಒಂದನ್ನು ಮಾತ್ರ ತಿರುಗಿಸಿದರೆ, ಅದರ ಗಾಳಿಗೆ ಇನ್ನೊಂದೂ ತಿರುಗತೊಡಗುತ್ತದೆ. ಗಾಳಿಯ ಬದಲು ಎಣ್ಣೆಯೆಂದು ಭಾವಿಸಿದರೆ ಇದರ ಗುಟ್ಟು ತಿಳಿಯಿತು. ಇಂಜಿನ್ನಿಗೂ ಗೇರಿಗೂ ನಡುವೆ ಉಜ್ಜಿ ಹಿಡಿಯುವ ಕ್ಲಚ್ಚು ಬೇಕಿಲ್ಲ. ಜರ್ಮನಿಯ ಹರ್ಮನ್ ಫೊಟ್ಟಿಂಗರ್ ಎಂಬ ವಿಜ್ಞಾನಿ ೧೯೦೫ರಲ್ಲಿ ಇದನ್ನು ಕಂಡುಹಿಡಿದದ್ದು ಕಾರಿಗಲ್ಲ, ಹಡಗಿಗೆ. ಉಗಿಯ ಟರ್ಬೈನಿನ ಮಹಾವೇಗವನ್ನು ನೀರಿನೊಳಗಿನ ಪಂಖಕ್ಕೆ ಹದಗೊಳಿಸಿ ಕೊಡುವುದಕ್ಕಾಗಿ. ಈ ವಂಶದ ಉಪಕರಣವುಳ್ಳ 'ಹೈಡ್ರಾಮ್ಯಾಟಿಕ್' ಎಂಬ ಗೇರ್ ಬಾಕ್ಸನ್ನು ೧೯೩೯ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಯವರು ಓಲ್ಡ್ಸ್‌ಮೊಬೈಲ್ ಕಾರಿಗೆ ಅಳವಡಿಸಿದರು. ಇದು ಪೆಟ್ರೋಲನ್ನು ಸ್ವಲ್ಪ ಹೆಚ್ಚಾಗಿ ಕುಡಿಯುತ್ತದೆ. ಆದರೆ ಎಣ್ಣೆಯನ್ನು ಕಾಲಕಾಲಕ್ಕೆ ಬದಲಿಸಿದರೆ ಬಹುಕಾಲ ಬಾಳುವ ಜಾತಿ.

ಎರಡನೆಯದರಲ್ಲಿ ಹಲ್ಲಿನ ಗೇರುಗಳೇ ಇಲ್ಲ. ಅಗಲ ಕುಗ್ಗಿ ಹಿಗ್ಗುವ ಎರಡು ರಾಟೆಗಳು. ಅವುಗಳ ನಡುವೆ ಒಂದು ಪಟ್ಟಿ. ಸಿ.ವಿ.ಟಿ. ಎಂದು ಕರೆಯುತ್ತಾರೆ. ಹಾಲೆಂಡಿನ ಡಾಫ್ ಕಂಪನಿ ೧೯೫೮ರಲ್ಲಿಯೇ ಇಂತಹ ಕಾರನ್ನು ತೋರಿಸಿತು. ನಮ್ಮಲ್ಲಿ ೧೯೮೪ರ ಕೈನೆಟಿಕ್ ಹೋಂಡಾದಿಂದ ಮೊದಲ್ಗೊಂಡು ಗೇರಿಲ್ಲದ ಸ್ಕೂಟರುಗಳಲ್ಲಿ ಇರುವುದೂ ಇದೇ ತತ್ತ್ವ. ಸ್ಕೂಟರಿನಲ್ಲಿ ರಬ್ಬರಿನ ಪಟ್ಟಿ, ಕಾರಿನಲ್ಲಿ ಉಕ್ಕಿನದು. ಕಾರಿನ ಪಟ್ಟಿಗೆ ತನ್ನದೇ ಆದ ಎಣ್ಣೆ ಬೇಕು, ಬೇರೆ ಜಾತಿಯ ಎಣ್ಣೆ ಹಾಕಿದರೆ ಕೆಟ್ಟಿತೆಂದೇ ಲೆಕ್ಕ. ನನ್ನನ್ನು ಕೆಡವಿದ ಸ್ಕೂಟರೂ ಇದೇ ಬಳಗದ್ದೆಂದು ತಿಳಿದಾಗ, ಈ ತತ್ತ್ವದ ಪರಿಚಯ ನನಗೆ ಮೊದಲೇ ಆಗಿತ್ತೆಂದುಕೊಂಡೆ.

ಮೂರನೆಯದು ನಮ್ಮ ನಡುಮನೆಯ ಜಾತಿ. ಒಳಗಿರುವುದು ಎಲ್ಲ ಕಾರುಗಳಲ್ಲಿರುವ ಸಾಧಾರಣ ಗೇರ್ ಬಾಕ್ಸು, ಸಾಧಾರಣ ಕ್ಲಚ್ಚು. ಅದನ್ನು ತುಳಿಯುವ ಕಾಲು, ಗೇರು ಬದಲಿಸುವ ಕೈ ಮಾತ್ರ ಯಂತ್ರದ್ದು. ಎ.ಎಂ.ಟಿ. ಎಂಬ ಇದನ್ನು ೨೦೧೪ರಲ್ಲಿ ಮಾರುತಿ ಸೆಲೇರಿಯೋ ಕಾರಿನ ಮೂಲಕ ನಮ್ಮ ದೇಶದ ಸಾಮಾನ್ಯ ಜನ ಕಂಡರು. ಬೆಲೆಯೂ ಕಡಿಮೆ, ಪೆಟ್ರೋಲೂ ಮಿತ. ಆದರೆ ಕ್ಲಚ್ಚು ಕಣ್ಣಿಗೆ ಕಾಣದಿದ್ದರೂ ಸವೆಯುವುದು ತಪ್ಪಿದ್ದಲ್ಲ. ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ ಆಕ್ಸಿಲರೇಟರನ್ನೇ ಒತ್ತಿಹಿಡಿದು ಕಾರನ್ನು ನಿಲ್ಲಿಸುವ ಅಭ್ಯಾಸದವನ ಕೈಗೆ ಸಿಕ್ಕಿದರೆ ಅದು ಬೇಗ ಸುಟ್ಟುಹೋಗುತ್ತದೆ. ನಾಲ್ಕನೆಯದರಲ್ಲಿ ಕ್ಲಚ್ಚುಗಳೇ ಎರಡು. ಒಂದು ಬೆಸ ಗೇರುಗಳಿಗೆ, ಇನ್ನೊಂದು ಸರಿ ಗೇರುಗಳಿಗೆ. ಫೋಕ್ಸ್‌ವ್ಯಾಗನ್ ಕಂಪನಿ ೨೦೦೩ರಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಮಿಂಚಿನಂತೆ ಗೇರು ಬದಲಿಸುವ ವಿದ್ಯೆ. ಅದರೊಳಗಿನ ಬಿಡಿಭಾಗಗಳ ಬೆಲೆಯೂ ಮಿಂಚಿನಂಥದೇ. ಖಾತರಿಯ ಅವಧಿ ಮುಗಿದದ್ದನ್ನು ಕೊಳ್ಳುವುದು ಉಪನ್ಯಾಸಕನ ಸಂಬಳಕ್ಕೆ ಹೇಳಿದ್ದಲ್ಲ ಎಂದು ಗೆಳೆಯರು ಅದನ್ನು ಸೀಮೆಸುಣ್ಣದಿಂದ ಹೊಡೆದುಹಾಕಿದರು.

ಇಷ್ಟು ವಿದ್ಯೆ ಸಂಪಾದಿಸಿದವನಿಗೆ ಧೈರ್ಯ ಬಾರದೆ ಇರುತ್ತದೆಯೇ? ಹಳೆಯ ಕಾರುಗಳನ್ನು ಮಾರುವ ಒಂದು ಅಂಗಡಿಯಲ್ಲಿ, ಐದೇ ವರ್ಷದ, ಕುಂಕುಮ ಬಣ್ಣದ ಒಂದು ಕಾರು ನನ್ನ ಮನಸ್ಸನ್ನು ಸೆಳೆಯಿತು. ರಾಟೆ ಮತ್ತು ಪಟ್ಟಿಯ ಜಾತಿ. ಒಳಗೆ ಕುಳಿತರೆ ಹೊಸ ಕಾರಿನ ವಾಸನೆ. ಮುಂಗಡ ಕೊಡಲು ಸಿದ್ಧನಾಗಿದ್ದೆ. "ರೀ, ಒಂದು ಸಲ ಗ್ಯಾರೇಜಿನ ಮೇಸ್ತ್ರಿಯವರನ್ನು ಕರೆತಂದು ತೋರಿಸಬಾರದೇ?" ಎಂದು ಮಡದಿ ತಡೆದಳು. ನಮ್ಮ ಬೀದಿಯ ಕೊನೆಯಲ್ಲಿ ಗ್ಯಾರೇಜಿಟ್ಟಿರುವ ಹಿರಿಯ ಮೇಸ್ತ್ರಿಯವರು ಮರುದಿನ ಬೆಳಿಗ್ಗೆ ಬಂದರು. ಬಂದವರು ಕಾರಿನ ಬಣ್ಣವನ್ನಾಗಲಿ ಚಕ್ರವನ್ನಾಗಲಿ ನೋಡಲಿಲ್ಲ. ಇಂಜಿನ್ನಿನ ಮುಚ್ಚಳದ ಮೇಲೆ ಅಂಗೈಯಿಟ್ಟು ನಿಂತರು. ಮಗುವಿನ ಜ್ವರ ನೋಡುವಂತಿತ್ತು ಆ ನಿಲುವು.

"ಮೇಷ್ಟ್ರೇ, ಇವರು ಅಂಗಡಿ ತೆರೆದು ಕಾಲು ಗಂಟೆ ಆಗಿಲ್ಲ. ಇಂಜಿನ್ ಬಿಸಿಯಾಗಿದೆ. ನಾವು ಬರುವ ಮೊದಲೇ ಯಾಕೆ ಓಡಿಸಿದರು?" ಎಂದು ಮೆಲ್ಲಗೆ ಕೇಳಿದರು.

ಅದರಲ್ಲೇನು ವಿಶೇಷ ಎಂದು ನಾನು ಕಣ್ಣಲ್ಲೇ ಕೇಳಿದೆ. "ಗೇರ್ ಬಾಕ್ಸಿನ ದೋಷ ತಣ್ಣಗಿರುವಾಗ ಒಂದು ಥರ, ಬಿಸಿಯಾದಾಗ ಒಂದು ಥರ. ಎರಡನ್ನೂ ನೋಡದೆ ಹೇಳಬಾರದು" ಎಂದರು. ಅದರ ಮರುದಿನ ನಾವೇ ಹೋಗಿ, ತಣ್ಣಗಿದ್ದ ಇಂಜಿನ್ನನ್ನು ನಾವೇ ಚಾಲೂ ಮಾಡಿದೆವು. ಬ್ರೇಕನ್ನು ತುಳಿದು ಮುಂದಿನ ಗೇರಿಗೆ ಹಾಕಿದಾಗ, ಒಂದು, ಎರಡು, ಮೂರು ಎಂದು ಎಣಿಸುವಷ್ಟು ಹೊತ್ತು ಏನೂ ಆಗಲಿಲ್ಲ. ಆಮೇಲೆ ಯಾರೋ ಹಿಂದಿನಿಂದ ಒದ್ದಂತೆ ಧಡಕ್ಕೆಂದಿತು. ಏರಿನಲ್ಲಿ ನಿಲ್ಲಿಸಿ ಹೊರಡಿಸಿದರೆ ಚಳಿ ಹಿಡಿದವರಂತೆ ನಡುಗಿತು. ಎಣ್ಣೆಯನ್ನು ಎಂದು ಬದಲಿಸಿದರೆಂಬುದಕ್ಕೆ ಒಂದು ಚೀಟಿಯೂ ಇರಲಿಲ್ಲ. "ಎಲ್ಲ ಆಟೋಮ್ಯಾಟಿಕ್ಕೂ ಹೀಗೇ ಸಾರ್" ಎಂದರು ಅಂಗಡಿಯವರು. ಮೇಸ್ತ್ರಿಯವರು ಅದಕ್ಕೆ ಪ್ರತಿಯಾಗಿ ಏನೂ ಹೇಳದೆ ಕೈಯೊರೆಸಿಕೊಂಡರು.

ಹಿಂದಿರುಗುವಾಗ ಅವರು ಹೇಳಿದ ಮಾತು ಯೋಚಿಸತಕ್ಕದ್ದಾಗಿತ್ತು. ಸಾಧಾರಣ ಕಾರಿನಲ್ಲಿ ಕ್ಲಚ್ಚು ಸವೆದರೆ ಕಾಲಿಗೆ ತಿಳಿಯುತ್ತದೆ, ಗೇರಿನ ಹಲ್ಲು ಸವೆದರೆ ಕೈಗೆ ತಿಳಿಯುತ್ತದೆ. ಆಟೋಮ್ಯಾಟಿಕ್ಕಿನೊಳಗೆ ಒಂದು ಗಣಕವಿದೆ. ಸವೆತಕ್ಕೆ ತಕ್ಕಂತೆ ಒತ್ತಡವನ್ನು ಹೊಂದಿಸಿಕೊಂಡು ಅದು ಬಹುದಿನ ದೋಷವನ್ನು ಮುಚ್ಚಿಡುತ್ತದೆ. ಇನ್ನು ಮುಚ್ಚಿಡಲಾಗದು ಎನ್ನುವ ದಿನ ಬಂದಾಗಲೇ ಒಡೆಯನಿಗೆ ಗೊತ್ತಾಗುವುದು. ಮನೆತನದ ಕಷ್ಟವನ್ನು ನಗುತ್ತ ಮರೆಸುವ ಗೃಹಿಣಿಯ ಹಾಗೆ. ಯಂತ್ರ ಸುಳ್ಳು ಹೇಳುವುದಿಲ್ಲ, ಆದರೆ ತಾನಾಗಿ ನಿಜವನ್ನೂ ಹೇಳುವುದಿಲ್ಲ. ನಿಜವನ್ನು ಬೇರೆ ಕಡೆಯಿಂದ ತಿಳಿಯಬೇಕು.

ಬೇರೆ ಕಡೆ ಎಂದರೆ ಎಲ್ಲಿ? ಇದಕ್ಕೆ ಉತ್ತರ ಸಿಕ್ಕಿದ್ದು, ಕಾರಿನ ಮುಂದಿನ ಸೀಟಿನಲ್ಲಿ ಕೂಡ ಎಂದೂ ಕುಳಿತಿರದ ನನ್ನ ತಾಯಿಯಿಂದ. ಆ ವಾರ ಊರಿಗೆ ಹೋಗಿದ್ದಾಗ ನನ್ನ ಪೇಚಾಟವನ್ನೆಲ್ಲ ಹೇಳಿಕೊಂಡೆ. ಆಕೆ ವೀಳ್ಯದೆಲೆಯ ತೊಟ್ಟು ಮುರಿಯುತ್ತ ಕೇಳಿಸಿಕೊಂಡು, "ನಿನ್ನ ಅಪ್ಪ ಎತ್ತು ಕೊಳ್ಳುವಾಗ ಹಲ್ಲು ಎಣಿಸುತ್ತಿದ್ದರು, ಸುಳಿ ನೋಡುತ್ತಿದ್ದರು, ಎಲ್ಲಾ ಸರಿ. ಆದರೆ ಜಾತ್ರೆಯಲ್ಲಿ ಮಾತ್ರ ಯಾವತ್ತೂ ಕೊಳ್ಳಲಿಲ್ಲ. ಮಾರುವವನ ಮನೆಗೇ ಹೋಗುತ್ತಿದ್ದರು. ಎತ್ತನ್ನು ಅರ್ಧ ನೋಡಿದರೆ ಕೊಟ್ಟಿಗೆಯನ್ನು ಪೂರ್ತಿ ನೋಡುತ್ತಿದ್ದರು" ಎಂದಳು.

ನಾನು ತಲೆತಗ್ಗಿಸಿದೆ. ಹಳಗನ್ನಡದ ಓಲೆಗರಿಯ ಪ್ರತಿಗಳ ವಿಷಯ ಪಾಠ ಹೇಳುವಾಗ, ಪ್ರತಿಯ ಅಂದವನ್ನು ನೋಡಿ ಮರುಳಾಗಬೇಡಿ, ಅದು ಯಾರ ಯಾರ ಕೈ ದಾಟಿ ಬಂದಿದೆ, ನಕಲು ಮಾಡಿದವನು ಎಷ್ಟು ಎಚ್ಚರದವನು ಎಂಬುದನ್ನು ಮೊದಲು ವಿಚಾರಿಸಿ ಎಂದು ವರ್ಷವರ್ಷವೂ ವಿದ್ಯಾರ್ಥಿಗಳಿಗೆ ಹೇಳುವವನು ನಾನೇ. ಆ ಪಾಠ ಕುಂಕುಮ ಬಣ್ಣದ ಕಾರಿನ ಮುಂದೆ ನನಗೆ ನೆನಪಾಗಿರಲಿಲ್ಲ.

ಅಲ್ಲಿಂದ ಮುಂದೆ ಕಾರುಗಳನ್ನು ಹುಡುಕುವುದನ್ನು ಬಿಟ್ಟು ಕೊಟ್ಟಿಗೆಗಳನ್ನು ಹುಡುಕತೊಡಗಿದೆ. ಎರಡು ತಿಂಗಳ ಮೇಲೆ, ಭದ್ರಾವತಿಯಲ್ಲಿ ನಿವೃತ್ತರಾದ ಅಂಚೆ ಇಲಾಖೆಯ ಹಿರಿಯರೊಬ್ಬರು ತಮ್ಮ ಕಾರನ್ನು ಮಾರುವರೆಂದು ಮೇಸ್ತ್ರಿಯವರೇ ಸುದ್ದಿ ತಂದರು. ೨೦೧೨ರ ಹ್ಯುಂಡೈ ಐ-ಟೆನ್; ಎಣ್ಣೆಯ ಜಾತಿಯ, ನಾಲ್ಕು ಗೇರಿನ ಆಟೋಮ್ಯಾಟಿಕ್ಕು; ಬೂದಿ ಬಣ್ಣ; ಬಾಗಿಲ ಮೇಲೊಂದು ಗೀರು. ನೋಡಿದೊಡನೆ ಮನಸ್ಸು ಕುಗ್ಗಿತು. ಹನ್ನೆರಡು ವರ್ಷದ ವಾಹನ. ಖಾಸಗಿ ಕಾರಿನ ನೋಂದಣಿಗೆ ಅವಧಿ ೧೫ ವರ್ಷ. ಆಮೇಲೆ ಪರೀಕ್ಷೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಇದಕ್ಕೆ ನನ್ನ ಸಾಲದ ಹಣ ಹಾಕುವುದೇ?

ಹಿರಿಯರು ನಮ್ಮನ್ನು ಕೂಡಿಸಿ, ಒಳಗಿನಿಂದ ದಾರ ಕಟ್ಟಿದ ಒಂದು ಕಡತವನ್ನು ತಂದರು. ಹನ್ನೆರಡು ವರ್ಷದ ಪ್ರತಿಯೊಂದು ರಸೀದಿಯೂ ತಾರೀಖಿನ ಕ್ರಮದಲ್ಲಿತ್ತು. ಕಾರು ಓಡಿದ್ದು ೫೮,೦೦೦ ಕಿಲೋಮೀಟರು. ಅಷ್ಟರಲ್ಲಿ ಗೇರ್ ಬಾಕ್ಸಿನ ಎಣ್ಣೆಯನ್ನು ಎರಡು ಸಲ ಬದಲಿಸಿದ್ದರು. "ಬದಲಿಸದಿದ್ದರೂ ನಡೆಯುತ್ತದೆ ಎಂದವರಿದ್ದರು. ನನಗೆ ಮನಸ್ಸು ಒಪ್ಪಲಿಲ್ಲ" ಎಂದರು. ಒಂದು ಹಾಳೆಯ ಅಂಚಿನಲ್ಲಿ ಅವರದೇ ಅಕ್ಷರದಲ್ಲಿ, ಒಮ್ಮೆ ಕಾರು ನಿಂತುಹೋದಾಗ ಅದನ್ನು ಹಗ್ಗ ಕಟ್ಟಿ ಎಳೆಸದೆ ಲಾರಿಯ ಮೇಲೆ ಹೇರಿಸಿ ತಂದುದಕ್ಕೆ ಆದ ಖರ್ಚು ಬರೆದಿತ್ತು. ಅದನ್ನು ನೋಡಿ ಮೇಸ್ತ್ರಿಯವರ ಮುಖ ಅರಳಿತು. ಇಂಜಿನ್ ನಿಂತ ಆಟೋಮ್ಯಾಟಿಕ್ಕನ್ನು ಚಕ್ರದ ಮೇಲೆ ದೂರ ಎಳೆದರೆ, ಎಣ್ಣೆಯನ್ನು ತಳ್ಳುವ ಪಂಪು ನಡೆಯದೆ ಒಳಗಿನ ಭಾಗಗಳು ಒಣಗಿ ಉಜ್ಜಿಹೋಗುತ್ತವೆಯಂತೆ. ಇದನ್ನು ತಿಳಿದು ಕೈಯಿಂದ ಹಣ ಬಿಚ್ಚಿದವರು ಇವರೊಬ್ಬರನ್ನೇ ಕಂಡೆ ಎಂದರು.

ಆದರೂ ಪರೀಕ್ಷೆಯನ್ನು ಬಿಡಲಿಲ್ಲ. ತಣ್ಣಗಿದ್ದಾಗ ಚಾಲೂ ಮಾಡಿದೆವು. ಗೇರಿಗೆ ಹಾಕಿದ ಕ್ಷಣದಲ್ಲಿಯೇ ಮೆತ್ತಗೆ ಹಿಡಿಯಿತು. ಅರ್ಧ ಗಂಟೆ ಓಡಿಸಿ, ಬಿಸಿಯಾದ ಮೇಲೆ ಏರಿನಲ್ಲಿ ನಿಲ್ಲಿಸಿ ಹೊರಡಿಸಿದೆವು, ನಡುಕವಿಲ್ಲ. ಗೇರ್ ಬಾಕ್ಸಿನ ಎಣ್ಣೆಯ ಒಂದು ತೊಟ್ಟನ್ನು ಬಿಳಿಯ ಬಟ್ಟೆಯ ಮೇಲಿಟ್ಟು ನೋಡಿದಾಗ ಕೆಂಪು ಬಣ್ಣ ಇನ್ನೂ ಉಳಿದಿತ್ತು; ಕರಟಿದ ವಾಸನೆ ಇರಲಿಲ್ಲ. ಸ್ಟೀರಿಂಗಿನ ಕೆಳಗಿನ ಹದಿನಾರು ಕಡ್ಡಿಯ ಕಿಂಡಿಗೆ ಮೇಸ್ತ್ರಿಯವರ ಮಗ ಒಂದು ಪುಟ್ಟ ಯಂತ್ರವನ್ನು ಸಿಕ್ಕಿಸಿ, ಗಣಕದ ನೆನಪಿನಲ್ಲಿ ದೋಷದ ಗುರುತುಗಳಿವೆಯೇ ಎಂದು ಓದಿದ. ಯಾವುದೂ ಇರಲಿಲ್ಲ. ಇಷ್ಟಾದರೂ ನಾನು ಕೊನೆಯದಾಗಿ, "ನಾಳೆ ಕೆಡುವುದಿಲ್ಲ ಎಂದು ಹೇಳಬಲ್ಲಿರಾ?" ಎಂದು ಮೇಸ್ತ್ರಿಯವರನ್ನು ಕೇಳಿದೆ. ಅವರು ನಕ್ಕು, "ಹೇಳಲಾರೆ, ಮೇಷ್ಟ್ರೇ. ಇಂದಿನವರೆಗೆ ನೋಡಿಕೊಂಡಿದ್ದಾರೆ ಎಂದು ಮಾತ್ರ ಹೇಳಬಲ್ಲೆ. ನಾಳೆಯದು ನಿಮ್ಮ ಕೈಯಲ್ಲಿ" ಎಂದರು.

ಎರಡು ಲಕ್ಷ ಅರವತ್ತು ಸಾವಿರಕ್ಕೆ ವ್ಯಾಪಾರ ಮುಗಿಯಿತು. ಉಳಿದ ನಲವತ್ತು ಸಾವಿರವನ್ನು ಮಡದಿಯ ಆಗ್ರಹದಂತೆ, ಗೇರ್ ಬಾಕ್ಸಿನ ಹೆಸರಿನಲ್ಲಿಯೇ ಬ್ಯಾಂಕಿನಲ್ಲಿಟ್ಟೆವು. ಹಳೆಯ ಆಟೋಮ್ಯಾಟಿಕ್ಕನ್ನು ಕೊಳ್ಳುವವರು ಬೆಲೆಯ ಒಂದು ಪಾಲನ್ನು ಹೀಗೆ ಕಟ್ಟಿಡುವುದು ಕ್ಷೇಮವೆಂದು ನನಗೂ ಈಗ ತೋರುತ್ತದೆ. ಒಡೆತನದ ವರ್ಗಾವಣೆಗೆ ೨೯ ಮತ್ತು ೩೦ನೆಯ ನಮೂನೆಗಳಿಗೆ ಸಹಿಯಾಯಿತು. ಹೊರಡುವಾಗ ಹಿರಿಯರು ಕಡತವನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟು, "ಇದನ್ನು ಮುಂದುವರಿಸಿ" ಎಂದರು. ಕಾರಿನ ಕೀಲಿಯನ್ನು ಅವರು ಅಷ್ಟು ಗೌರವದಿಂದ ಕೊಟ್ಟಿರಲಿಲ್ಲ.

ಒಂದು ಮಳೆಗಾಲ ಕಳೆದಿದೆ. ೨೦೨೫ರ ಜುಲೈನಲ್ಲಿ ಮತ್ತೊಮ್ಮೆ ಭಟ್ಟರ ಫೋನು ಬಂದಿತು, ರಾತ್ರಿ ಹನ್ನೊಂದಕ್ಕೆ. ಬಸ್ ನಿಲ್ದಾಣದ ಕಲ್ಲು ಬೆಂಚಿನ ಬದಲು ಕಾರಿನ ಸೀಟಿನಲ್ಲಿ ಕುಳಿತು, ತುಂಗೆಯ ದಡದ ದಾರಿಯಲ್ಲಿ, ಮಂಡಗದ್ದೆಯ ಮರಗಳ ಕೆಳಗೆ, ಗಾಜಿನ ಮೇಲೆ ಹುಯ್ಯುವ ಮಳೆಯನ್ನು ಸೀಳಿಕೊಂಡು ಹೋದೆ. ಒಂದೂವರೆ ಗಂಟೆಗೆ ಮನೆಯ ಬಾಗಿಲಲ್ಲಿದ್ದೆ. ಅಮ್ಮನಿಗೆ ಜ್ವರ ಏರಿತ್ತು. ಹಿಂದಿನ ಸೀಟಿನಲ್ಲಿ ಮಲಗಿಸಿ ತೀರ್ಥಹಳ್ಳಿಯ ಆಸ್ಪತ್ರೆಗೆ ಕರೆತಂದೆ. ಮೂರನೆಯ ದಿನ ಗುಣವಾಗಿ ಹಿಂದಿರುಗುವಾಗ ಆಕೆ ಮುಂದಿನ ಸೀಟಿನಲ್ಲಿ ಕುಳಿತಳು. ಬಹಳ ಹೊತ್ತು ನನ್ನ ಕಾಲುಗಳನ್ನೇ ನೋಡುತ್ತಿದ್ದು, "ನಿನ್ನ ಎಡಗಾಲು ಏನೂ ಮಾಡುವುದೇ ಇಲ್ಲವಲ್ಲೋ" ಎಂದಳು.

"ಅದಕ್ಕೆ ರಜೆ, ಅಮ್ಮ."

"ಈ ಕಾರು ಎಷ್ಟು ವರ್ಷ ಬಾಳುತ್ತದೆ?"

ಏರು ಬಂದಿತ್ತು. ಗೇರು ತಾನಾಗಿಯೇ ಒಂದು ಮೆಟ್ಟಿಲು ಇಳಿದುಕೊಂಡು, ಉಸಿರು ಹಿಡಿದು ಹತ್ತತೊಡಗಿತು. ಆಕೆಯ ಕೈ ತೊಡೆಯ ಮೇಲಿತ್ತು. ಆಸ್ಪತ್ರೆಯ ಸೂಜಿ ಚುಚ್ಚಿದ ಕಡೆ ಹತ್ತಿ ಇನ್ನೂ ಅಂಟಿಕೊಂಡಿತ್ತು. ಆಕೆಗೆ ಎಪ್ಪತ್ತೆರಡು.

"ನೋಡಿಕೊಂಡರೆ ಬಾಳುತ್ತದೆ" ಎಂದೆ.